ಬಾಗಿಲು ತಿರುಗಿಸಿದ ವರ್ಷ

ಈ ಜೂನಿನಲ್ಲಿ ಶಾಲೆ ಶುರುವಾಗುವ ಮುನ್ನಾ ದಿನ ಜೇವರ್ಗಿಯ ನಮ್ಮ ಶಾಲೆಯ ನೀರಿನ ಟಾಕಿ ತೊಳೆಸುತ್ತಿದ್ದೆವು. ಬ್ಲೀಚಿಂಗ್ ಪುಡಿಯ ಚೀಲ ಬಿಚ್ಚಿದ ಕೂಡಲೇ ಅದರ ಘಾಟು ಮೂಗಿಗೆ ಬಡಿಯಿತು. ಉಳಿದ ಶಿಕ್ಷಕರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ನಾನು ಅಲ್ಲೇ ನಿಂತೆ. ಬೇರೆಯವರಿಗೆ ಮಲ್ಲಿಗೆಯ ವಾಸನೆಗೋ ಹೊಸ ಬೆಲ್ಲದ ವಾಸನೆಗೋ ಹಳೆಯದೆಲ್ಲ ನೆನಪಾಗುತ್ತದಂತೆ. ನನಗೆ ಬ್ಲೀಚಿಂಗ್ ಪುಡಿಗೆ ನೆನಪಾಗುತ್ತದೆ. ಆ ನೆನಪಿನಲ್ಲಿ ನಾನು ತಲೆ ತಗ್ಗಿಸಬೇಕಾದ ಸಂಗತಿ ಒಂದಿದೆ, ಅದನ್ನು ಇಷ್ಟು ವರ್ಷ ಯಾರಿಗೂ ಸರಿಯಾಗಿ ಹೇಳಿಲ್ಲ. ಹೇಳಿಬಿಡುತ್ತೇನೆ.

ಅದು ಅಫಜಲಪುರ ತಾಲ್ಲೂಕಿನ ಒಂದು ಊರು, ಕರಜಗಿಯಿಂದ ಬಹಳ ದೂರವೇನಲ್ಲ. ಊರಿನ ಹೆಸರು ಬರೆಯುವುದಿಲ್ಲ. ಇದರಲ್ಲಿ ಬರುವ ಹುಡುಗಿ ಈಗ ದೊಡ್ಡವಳಾಗಿದ್ದಾಳೆ. ಅವಳ ಹೆಸರನ್ನೂ ಬದಲಿಸಿ ಅಂಬಿಕಾ ಎಂದು ಕರೆಯುತ್ತೇನೆ. ನಾನು ಯಡ್ರಾಮಿ ಕಡೆಯವನು. ವರ್ಗಾವಣೆಯಾಗಿ ಆ ಊರಿಗೆ ಹೋದಾಗ ಅಲ್ಲಿಯ ಮುಖ್ಯಗುರುಗಳು ಆಗಷ್ಟೇ ನಿವೃತ್ತರಾಗಿದ್ದರು. ಇದ್ದವರಲ್ಲಿ ವಯಸ್ಸಾದವನು ನಾನೇ ಎಂದು ಪ್ರಭಾರ ನನ್ನ ಕೊರಳಿಗೆ ಬಿತ್ತು. ಒಂದೇ ವರ್ಷ ಇದ್ದೆ. ಕುರ್ಚಿ ಸಿಕ್ಕ ಹುರುಪಿನಲ್ಲಿ ಲೋಕವನ್ನೇ ತಿದ್ದಿಬಿಡುವ ಹಟ ನನಗೆ. ಜೊತೆಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಭಾಷಣದ ಚಟ ಬೇರೆ. ಈ ಮೂರೂ ಒಬ್ಬನಲ್ಲೇ ಇದ್ದರೆ ಸುತ್ತಲಿನವರಿಗೆ ಕಷ್ಟ.

ಮೊದಲ ದಿನ ಶಾಲೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಶೌಚಾಲಯ. ಬೀಳದೆ ಇರಲು ಸಾಧ್ಯವೇ ಇರಲಿಲ್ಲ. ಗೇಟಿನ ಪಕ್ಕದಲ್ಲಿ, ಸೊಂಟದೆತ್ತರದ ಕಾಂಪೌಂಡ್ ಗೋಡೆಯ ಒಳಮಗ್ಗುಲಿಗೆ, ಮೂರು ಮೆಟ್ಟಿಲ ಮೇಲೆ ರಸ್ತೆಗೆ ಮುಖ ಮಾಡಿ ನಿಂತಿತ್ತು. ಗೋಡೆಗೆ ಗುಲಾಬಿ ಬಣ್ಣ. ಒಂದು ಬಾಗಿಲ ಮೇಲೆ ಎರಡು ಜಡೆಯ ಹುಡುಗಿ, ಇನ್ನೊಂದರ ಮೇಲೆ ಟೋಪಿ ಹಾಕಿದ ಹುಡುಗನ ಚಿತ್ರ. ನಡುವೆ ಕರಿಕಲ್ಲಿನಲ್ಲಿ ಕೆತ್ತಿದ ದೊಡ್ಡವರ ಹೆಸರುಗಳು. ರಸ್ತೆಯ ಆಚೆ ಬದಿಗೆ ಬೇವಿನ ಮರ, ಮರದ ಸುತ್ತ ಕಟ್ಟೆ, ಕಟ್ಟೆಗೆ ಅಂಟಿಕೊಂಡು ಚಹಾದ ಹೋಟೆಲು. ಶೌಚಾಲಯದ ಎರಡು ಬಾಗಿಲಿಗೂ ಕೀಲಿ ಬಿದ್ದಿತ್ತು.

ನನ್ನ ಜೊತೆ ಗುರುಶಾಂತಪ್ಪನವರಿದ್ದರು. ಶಾಲೆಯ ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರು, ಊರಲ್ಲಿ ಕಿರಾಣಿ ಅಂಗಡಿ. ಒಳ್ಳೆಯ ಮನುಷ್ಯ, ಸುಳ್ಳು ಹೇಳುವವರಲ್ಲ, ಶಾಲೆಯ ಕೆಲಸ ಎಂದರೆ ಅಂಗಡಿ ಬಿಟ್ಟು ಬರುವವರು. ಶಾಲು ಹೊದಿಸಿ ಕಾಯಿ ಕೊಟ್ಟು ಸತ್ಕಾರ ಮಾಡುವುದೆಂದರೆ ಮಾತ್ರ ಅವರಿಗೆ ಎಲ್ಲಿಲ್ಲದ ಆಸೆ. ಮಾಡಿಸಿಕೊಳ್ಳುವುದಕ್ಕಿಂತ ಮಾಡುವುದರಲ್ಲೇ ಹೆಚ್ಚು. ವರ್ಗವಾಗಿ ಬಂದ ನನಗೂ ಗೇಟಿನಲ್ಲೇ ಒಂದು ಹೊದಿಸಿದ್ದರು.

"ಇಷ್ಟು ಮುಂದಕ್ಕೆ ಯಾಕೆ ಕಟ್ಟಿಸಿದಿರಿ?" ಎಂದು ಕೇಳಿದೆ.

"ಸಾಹೇಬ್ರ ಜೀಪು ಒಳಗ ಬರಂಗಿಲ್ರಿ ಸರ. ರಸ್ತಾದಾಗಿಂದನ ನೋಡಿ ಹೋಗ್ತಾರ. ಕುಂತಲ್ಲಿಂದ ಬಾಗಲಾ ಕಾಣಬೇಕು, ಅದರ ಮ್ಯಾಲಿನ ಚಿತ್ರ ಕಾಣಬೇಕು. ಅದಕ್ಕ ನಾವೇ ನಿಂತು ಹಿಂಗ ಕಟ್ಟಸೀವಿ." ಅವರ ದನಿಯಲ್ಲಿ ಹೆಮ್ಮೆಯಿತ್ತು. ನನಗೂ ಅದು ಜಾಣತನವೆಂದೇ ತೋರಿತು.

ಕೀಲಿ ತೆಗೆಸಿ ನೋಡಿದರೆ ಹುಡುಗಿಯರ ಕಡೆಗೆ ಮುರಿದ ಬೆಂಚು, ಲೇಜಿಮ್ಮಿನ ಕಟ್ಟು, ಹಳೆಯ ನಕಾಶೆಗಳು. ಹುಡುಗರ ಕಡೆಗೆ ಸುಣ್ಣದ ಡಬ್ಬಿ, ಬಾರಿಸುವ ಹಲಗಿಯೊಂದು, ಅದರ ಚರ್ಮ ಹರಿದಿತ್ತು. ನೀರಿಲ್ಲದ ಮೇಲೆ ಅದು ಉಗ್ರಾಣವಾಗದೆ ಇನ್ನೇನಾಗುತ್ತದೆ. ಭೀಮಾ ನದಿ ಹತ್ತಿರವೇ ಇತ್ತು. ಸೊನ್ನದ ಬ್ಯಾರೇಜಿನಲ್ಲಿ ನೀರು ನಿಂತ ವರ್ಷ ಊರಿನ ಒಂದು ಮಗ್ಗುಲು ಕಬ್ಬಿನಿಂದ ಹಸಿರಾಗುತ್ತಿತ್ತು. ಶಾಲೆಯ ಬೋರಿನಲ್ಲಿ ಮಾತ್ರ ಉಪ್ಪು ನೀರು, ಅದೂ ಹತ್ತು ಸಲ ಹ್ಯಾಂಡಲ್ ಹೊಡೆದರೆ ಒಂದು ಕೊಡ. ಆ ನೀರಲ್ಲಿ ತೊಗರಿಬೇಳೆ ಬೇಯುವುದಿಲ್ಲವೆಂದು ಬಿಸಿಯೂಟದ ಶಾಂತಾಬಾಯಿ ದಿನಾ ಬೆಳಿಗ್ಗೆ ಊರೊಳಗಿನ ನಳದಿಂದ ಸಿಹಿನೀರು ಹೊತ್ತು ತರುತ್ತಿದ್ದಳು. ಮಕ್ಕಳು ಊಟ ಮಾಡಿ ಅದರಲ್ಲೇ ಒಂದೊಂದು ಗುಟುಕು ಕುಡಿಯುತ್ತಿದ್ದರು. ಗಂಡುಹುಡುಗರಿಗೆ ನೀರು ಬೇಕಾದರೆ ಹೋಟೆಲಿತ್ತು, ಉಳಿದದ್ದಕ್ಕೆ ಇಡೀ ಬಯಲೇ ಇತ್ತು. ಹೆಣ್ಣುಮಕ್ಕಳ ವಿಚಾರ ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಹೇಳಿದವಳು ಅಂಬಿಕಾ. ಏಳನೇ ತರಗತಿ, ರೈತ ಬಸಣ್ಣನ ಮಗಳು. ಬೆಳಗಿನ ಗಣಿತದ ತಾಸಿನಲ್ಲಿ ನಾನು ಲೆಕ್ಕ ಬರೆದು ಮುಗಿಸುವಷ್ಟರಲ್ಲಿ ಉತ್ತರ ಬರೆದಿಟ್ಟು ಕಿಟಕಿಯ ಕಡೆ ನೋಡುತ್ತಿದ್ದಳು. ಅದೇ ಹುಡುಗಿ ಮಧ್ಯಾಹ್ನದ ಮೇಲೆ ಡೆಸ್ಕಿಗೆ ತಲೆ ಇಟ್ಟು ಮಲಗಿಬಿಡುತ್ತಿದ್ದಳು. ಎರಡು ದಿನ ಬೈದೆ. ಮೂರನೆಯ ದಿನ ತಲೆನೋವು ಎಂದಳು. ಮಾರನೆಯ ವಾರ ವಿಜ್ಞಾನದಲ್ಲಿ ದೇಹಕ್ಕೆ ನೀರು ಎಷ್ಟು ಬೇಕು ಎಂಬ ಪಾಠ ಬಂತು. ಯಾರು ಯಾರು ದಿನಕ್ಕೆ ಎಷ್ಟು ಕುಡಿಯುತ್ತೀರಿ ಎಂದು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದೆ. ಹುಡುಗಿಯರೆಲ್ಲ ಬೆಳಿಗ್ಗೆ ಚಹಾ, ಊಟಕ್ಕೆ ಒಂದು ಗುಟುಕು, ಮತ್ತೆ ಸಂಜೆ ಮನೆಗೆ ಹೋದ ಮೇಲೆ ಒಂದು ತಂಬಿಗೆ, ಅಷ್ಟೇ ಎಂದರು. ನಾನು ಮೂತ್ರಪಿಂಡದ ಮೇಲೆ ಒಂದು ಭಾಷಣ ಬಿಗಿದೆ.

ಅಂಬಿಕಾ ಕೂತಲ್ಲಿಂದಲೇ ಹೇಳಿದಳು: "ಕುಡದ್ರ ಹೋಗಬೇಕಾಗ್ತದಲ್ಲರಿ ಸರ. ಎಲ್ಲಿಗಿ ಹೋಗಬೇಕ್ರಿ?"

ಅವಳು ಎದುರುತ್ತರ ಕೊಡಲಿಲ್ಲ, ನಿಜವಾಗಿಯೇ ಕೇಳಿದಳು. ಐವತ್ತರ ಹತ್ತಿರದ ನನಗೆ ಎದೆಯ ಮೇಲೆ ಯಾರೋ ಕೈಯಿಟ್ಟು ನೂಕಿದ ಹಾಗಾಯಿತು. ಇಪ್ಪತ್ತು ವರ್ಷ ಮಾಸ್ತರಿಕೆ ಮಾಡಿದ್ದೇನೆ, ಎಷ್ಟು ಹುಡುಗಿಯರನ್ನು ಮಧ್ಯಾಹ್ನ ತೂಕಡಿಸಿದ್ದಕ್ಕೆ ನಿಲ್ಲಿಸಿದ್ದೇನೋ. ಅವತ್ತು ಪಾಠ ಅರ್ಧಕ್ಕೆ ಬಿಟ್ಟು ಹೊರಗೆ ಬಂದೆ.

ಆಮೇಲೆ ನಾನು ಬಿಡಲಿಲ್ಲ, ಇದನ್ನು ಮಾತ್ರ ಹೆಮ್ಮೆಯಿಂದ ಹೇಳುತ್ತೇನೆ. ಊರಿನ ಸಿಹಿನೀರಿನ ಪೈಪು ಶಾಲೆಯ ಹಿಂದಿನ ಓಣಿಯ ಮೂಲೆಯವರೆಗೂ ಬಂದಿತ್ತು. ಪಂಚಾಯತಿಗೆ ಹತ್ತು ಸಲ ಅಲೆದೆ. ಪೈಪು ಕೊಟ್ಟರು, ಟಾಕಿ ಕೊಟ್ಟರು, ನೆಲ ಅಗೆಯುವುದು ನಿಮ್ಮದು ಎಂದರು. ಮಳೆ ಬಿದ್ದು ಊರೆಲ್ಲ ಹೊಲದಲ್ಲಿದ್ದ ಕಾಲ, ಅಗೆಯುವವರು ಯಾರು? ದಾರಿ ತೋರಿಸಿದವಳು ಶಾಂತಾಬಾಯಿ. "ನಾಗರ ಅಮಾಸಿ ಬರ್ತದಲ್ಲರಿ ಸರ. ಅವತ್ತ ಎತ್ತ ಹೂಡಂಗಿಲ್ಲ. ಗಂಡಸ್ರೆಲ್ಲ ಖಾಲಿ ಇರ್ತಾರ, ಸುಮ್ಮ ಕಟ್ಟಿ ಮ್ಯಾಲ ಕುಂತು ಚಾ ಕುಡೀತಾರ. ಕರೀರಿ" ಎಂದಳು.

ಕರೆದೆ, ಬಂದರು. ಎತ್ತಿಗೆ ರಜೆ ಕೊಟ್ಟು ನಮಗೆ ನೊಗ ಹಾಕಿದರು ಮಾಸ್ತರು ಎಂದು ನಗಾಡುತ್ತ ಇಡೀ ದಿನ ಅಗೆದರು. ಎರೆಮಣ್ಣು, ಮೇಲೆ ಹಸಿ, ಕೆಳಗೆ ಕಬ್ಬಿಣ. ಎಲ್ಲರಿಗಿಂತ ಮೊದಲು ಗುದ್ದಲಿ ಹಿಡಿದು ಬಂದು, ಎಲ್ಲರಿಗಿಂತ ಕೊನೆಗೆ ಕೈ ತೊಳೆದುಕೊಂಡವನು ಅಂಬಿಕಾಳ ಅಪ್ಪ ಬಸಣ್ಣ. ಮಾತು ಕಡಿಮೆಯ ಮನುಷ್ಯ. "ಮಕ್ಕಳಿಗಿ ನೀರ ಬರಲಿ" ಎಂದದ್ದು ಬಿಟ್ಟರೆ ದಿನವಿಡೀ ಬೇರೇನೂ ಆಡಲಿಲ್ಲ. ನಾಲ್ಕು ದಿನದ ಮೇಲೆ ಟಾಕಿಗೆ ನೀರು ಬಿತ್ತು. ನಾನೇ ಏಣಿ ಹತ್ತಿ ಬ್ಲೀಚಿಂಗ್ ಪುಡಿ ಕಲಸಿದೆ. ಕೈ ಎರಡು ದಿನ ಆ ವಾಸನೆ ಹೊಡೆಯುತ್ತಿತ್ತು, ಉಣ್ಣುವಾಗಲೂ ಸಂತೋಷವಾಗುತ್ತಿತ್ತು.

ಬೆಂಚು, ಹಲಗಿ, ನಕಾಶೆ ಎಲ್ಲ ಹೊರಗೆ ಹಾಕಿ ಶೌಚಾಲಯ ತೊಳೆಸಿದೆವು. ನಳ ತಿರುಗಿಸಿದರೆ ನೀರು. ಅಲ್ಲಿಗೆ ನಿಲ್ಲಿಸಬೇಕಿತ್ತು. ಮರುದಿನದಿಂದ ಕೀಲಿ ತೆಗೆದಿಟ್ಟರೆ ಸಾಕಿತ್ತು. ಆದರೆ ಗುರುಶಾಂತಪ್ಪನವರು, "ಸುಮ್ಮ ಚಾಲೂ ಮಾಡಿದ್ರ ಹ್ಯಾಂಗರಿ ಸರ, ಇಷ್ಟ ಮಂದಿ ದುಡಿದಾರ. ಆಗಸ್ಟ್ ಹದಿನೈದಕ್ಕ ಝೆಂಡಾ ಹಾರಿಸಿದ ಮ್ಯಾಲ ಉದ್ಘಾಟನಿ ಇಡೂನು" ಎಂದರು. ತಪ್ಪನ್ನೆಲ್ಲ ಅವರ ಮೇಲೆ ಹಾಕುವುದಿಲ್ಲ. ರಿಬ್ಬನ್ನನ್ನು ದೊಡ್ಡವರು ಬೇಡ, ಅಂಬಿಕಾ ಕತ್ತರಿಸಲಿ ಎಂದವನು ನಾನು. ಎಲ್ಲ ಶುರುವಾದದ್ದು ಅವಳ ಪ್ರಶ್ನೆಯಿಂದ, ಮರ್ಯಾದೆಯೂ ಅವಳಿಗೇ ಸಲ್ಲಬೇಕೆಂಬ ದೊಡ್ಡ ಮನಸ್ಸು ನನ್ನದು.

ಆ ದಿನ ಊರಿಗೆ ಊರೇ ಇತ್ತು. ಧ್ವಜ ಹಾರಿತು, ಮಕ್ಕಳ ಲೇಜಿಮ್ ಆಯಿತು. ಅಗೆದವರಿಗೆಲ್ಲ ಸತ್ಕಾರವಾಯಿತು. ಆಮೇಲೆ ಹಲಗಿ ಬಾರಿಸುತ್ತ ಎಲ್ಲರೂ ಶೌಚಾಲಯದ ಮುಂದೆ ಬಂದೆವು. ಕಾಂಪೌಂಡಿನ ಒಳಗೆ ಅರ್ಧ ಊರು, ಹೊರಗೆ ರಸ್ತೆಯಲ್ಲಿ ಅರ್ಧ ಊರು, ಕಟ್ಟೆಯ ಮೇಲೆ ನಿಂತವರು ಬೇರೆ. ಅಂಬಿಕಾ ಹೊಸ ಲಂಗ ಹಾಕಿಕೊಂಡು ಬಂದಿದ್ದಳು. ರಿಬ್ಬನ್ ಕತ್ತರಿಸಿದಳು, ಚಪ್ಪಾಳೆ ಬಿತ್ತು. ನಾನು ಮೈಕು ಹಿಡಿದೆ. ಉದ್ಘಾಟನೆ ಎಂದರೆ ಬರೀ ರಿಬ್ಬನ್ ಅಲ್ಲ ಎಂದೆ. ಈ ಶೌಚಾಲಯದೊಳಗೆ ಮೊದಲ ಹೆಜ್ಜೆ ಇಡುವ ಹಕ್ಕು ನಮ್ಮ ಅಂಬಿಕಾಳದು ಎಂದೆ. "ಹೋಗವ್ವಾ, ಒಳಗೆ ಹೋಗಿ ನಳ ತಿರುಗಿಸಿ ಬಾ" ಎಂದೆ.

ಅವಳು ನನ್ನ ಮುಖ ನೋಡಿದಳು. ಅವತ್ತು ನನಗೆ ಆ ನೋಟ ಅರ್ಥವಾಗಲಿಲ್ಲ. ನಾನು ಹೋಗು ಹೋಗು ಎಂದು ಕೈಮಾಡಿದೆ. ಅವಳು ಮೆಟ್ಟಿಲು ಹತ್ತಿ ಒಳಗೆ ಹೋದಳು. ಬಾಗಿಲು ತನ್ನಷ್ಟಕ್ಕೆ ಮುಚ್ಚಿಕೊಂಡಿತು. ಹಲಗಿಯವರು ಯಾವ ಹೊತ್ತಿಗೆ ಬಾರಿಸಬೇಕು ಯಾವ ಹೊತ್ತಿಗೆ ನಿಲ್ಲಿಸಬೇಕು ತಿಳಿಯದೆ ನಿಲ್ಲಿಸಿಬಿಟ್ಟರು. ಇಡೀ ಊರು ಗಪ್‌ಚುಪ್. ಒಳಗೆ ನಳದಿಂದ ಬಕೆಟ್ಟಿಗೆ ನೀರು ಬೀಳುವ ಸದ್ದು ರಸ್ತೆಯವರೆಗೂ ಕೇಳಿಸಿತು. ಕಟ್ಟೆಯ ಕಡೆಯಿಂದ ಯಾರೋ ಕಿಸಕ್ಕೆಂದ. ಅವಳು ಹೊರಗೆ ಬಂದಾಗ ಒಮ್ಮೆಲೇ ಹಲಗಿ ಬಿತ್ತು, ಚಪ್ಪಾಳೆ ಬಿತ್ತು, ಗುರುಶಾಂತಪ್ಪನವರು ಶಾಲು ಹೊದಿಸಿದರು. ಹತ್ತು ಮಂದಿ ಮೊಬೈಲಿನಲ್ಲಿ ಹಿಡಿದುಕೊಂಡರು. ನಾನು ನಗುತ್ತ ಅವಳ ಪಕ್ಕ ನಿಂತಿದ್ದೆ. ಆ ಫೋಟೋದಲ್ಲಿ ಅವಳು ನೆಲ ನೋಡುತ್ತಿದ್ದಾಳೆ.

ಮರುದಿನ ಅಂಬಿಕಾ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಜ್ವರವಿರಬೇಕು ಎಂದುಕೊಂಡೆ. ಒಂದು ವಾರದ ಮೇಲೆ ಹುಡುಗರು ಆಡಿಕೊಳ್ಳುವುದು ಕಿವಿಗೆ ಬಿತ್ತು. ಊರಿನ ಎಲ್ಲ ಮೊಬೈಲಿಗೂ ಆ ವಿಡಿಯೋ ಹೋಗಿತ್ತು. ಅವಳು ನೀರು ತರಲು ಹೋದರೆ ಓಣಿಯಲ್ಲಿ "ಉದ್ಘಾಟನಿ ಬಂತು ನೋಡ್ರಲೇ" ಎನ್ನುತ್ತಿದ್ದರಂತೆ. ನಾನು ಇಬ್ಬರು ಹುಡುಗರ ಕಿವಿ ಹಿಂಡಿದೆ, ಅದರಿಂದ ಮಾತು ಇನ್ನಷ್ಟು ಹಬ್ಬಿತು.

ಅವಳ ಮನೆಗೆ ಹೋದೆ. ತಾಯಿ ಮಹಾದೇವಿ ಚಾಪೆ ಹಾಸಿ ಚಹಾ ಕೊಟ್ಟಳು. ಬಸಣ್ಣ ಬಂದು ಕಂಬಕ್ಕೆ ಒರಗಿ ನಿಂತ. ಅಂಬಿಕಾ ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ.

"ನಿಮ್ಮ ಮ್ಯಾಲ ಏನೂ ಇಲ್ರಿ ಸರ" ಎಂದಳು ಮಹಾದೇವಿ. "ನೀವು ಛಲೋ ಮಾಡಾಕ ಹೋಗೀರಿ. ಖರೆ ಹುಡುಗಿ ದೊಡ್ಡಾಕಿ ಆಗಾಕತ್ತಾಳ. ಆಳಂದದಾಗ ನಮ್ಮ ನಾದನಿ ಅದಾಳ, ದೀಪಾವಳಿ ಆದ ಮ್ಯಾಲ ಅಲ್ಲಿಗಿ ಕಳಸ್ತೀವಿ. ಹೊಲಿಗಿ ಕಲೀತಾಳ."

"ಸಾಲಿ ಬಿಡಿಸ್ತೀರಿ?"

ಬಸಣ್ಣ ನೆಲ ನೋಡುತ್ತ ಹೇಳಿದ: "ನಾನಽ ಅಗದೇನಿ ಸರ ಆ ನೀರಿಗಿ. ನನ್ನ ಮಗಳಽ ನಗೆಪಾಟಲಾದ್ಲು. ಏನ ಅಂತ ಹೋಗು ಅನ್ಲಿ ಆಕಿಗಿ?"

ಅವನು ಸಿಟ್ಟು ಮಾಡಿದ್ದರೆ ನಾನೂ ಸಿಟ್ಟು ಮಾಡಿ ಹಗುರಾಗುತ್ತಿದ್ದೆ. ಅವನು ಬರೀ ಕೇಳಿದ. ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಶಾಲೆಗೆ ಬಂದು ನೋಡಿದರೆ ಇನ್ನೊಂದು ಸಂಗತಿ. ಉದ್ಘಾಟನೆಯಾಗಿ ಹತ್ತು ದಿನವಾದರೂ ಒಬ್ಬ ಹುಡುಗಿಯೂ ಆ ಬಾಗಿಲು ದಾಟಿರಲಿಲ್ಲ. ಬಕೆಟ್ಟಿನಲ್ಲಿ ಅಂಬಿಕಾ ತುಂಬಿಸಿದ ನೀರೇ ಧೂಳು ಕಟ್ಟಿಕೊಂಡು ನಿಂತಿತ್ತು. ನನ್ನ ಭಾಷಣದ ಮೇಲೆ ಮನೆಯಿಂದ ತರತೊಡಗಿದ್ದ ನೀರಿನ ಬಾಟಲಿಗಳು ಸಂಜೆ ತುಂಬಿಕೊಂಡೇ ವಾಪಸು ಹೋಗುತ್ತಿದ್ದವು. ಅಡುಗೆ ಕೋಣೆಗೆ ಹೋಗಿ ಶಾಂತಾಬಾಯಿಯ ಮುಂದೆ ಕೂಗಾಡಿದೆ. ನೀರು ತಂದೆ, ನಳ ಹಾಕಿಸಿದೆ, ಇನ್ನೇನು ಪಲ್ಲಕ್ಕಿಯಲ್ಲಿ ಕೂಡಿಸಿ ಕರೆದೊಯ್ಯಲೇ ಎಂದೆ. ಆಕೆ ಸಾರಿಗೆ ಹುಣಸೆಹುಳಿ ಹಿಂಡುತ್ತಿದ್ದವಳು ತಲೆ ಎತ್ತದೆ ಹೇಳಿದಳು.

"ಸರ, ನಾಳಿ ಸಣ್ಣ ಸೂಟಿದಾಗ ಹೋಟೆಲಿಗಿ ಹೋಗಿ ಒಂದು ಚಾ ಕುಡದು ಬರ್ರಿ. ಕಟ್ಟಿ ಮ್ಯಾಲ ಕುಂತ ಕುಡೀರಿ."

ಹೋದೆ. ಮಕ್ಕಳನ್ನು ಸಣ್ಣ ವಿರಾಮಕ್ಕೆ ಬಿಟ್ಟ ಹೊತ್ತು, ಕಟ್ಟೆಯ ಮೇಲೆ ಏಳು ಮಂದಿ ಗಂಡಸರಿದ್ದರು, ನಾನು ಎಂಟನೆಯವನು. ಮಳೆ, ತೊಗರಿ, ಯಾರದೋ ಮದುವೆ, ಮಾತು ನಡೆದಿತ್ತು. ಅಷ್ಟರಲ್ಲಿ ಎರಡನೇ ತರಗತಿಯ ಒಂದು ಪುಟ್ಟ ಹುಡುಗಿ ಓಡಿ ಬಂದು ಮೆಟ್ಟಿಲು ಹತ್ತಿ ಚಿಲಕ ಎಳೆಯಿತು. ಕಬ್ಬಿಣದ ಬಾಗಿಲು ಕಿರ್ರೆಂದಿತು. ಕಟ್ಟೆಯ ಮೇಲಿನ ಮಾತು ನಿಂತಿತು, ಎಲ್ಲ ತಲೆಗಳೂ ಆ ಕಡೆ ಹೊರಳಿದವು. ಕೆಟ್ಟ ಬುದ್ಧಿಯಿಂದಲ್ಲ. ಬಸ್ಸು ಬಂದರೂ ಅವರು ಹಾಗೆಯೇ ನೋಡುತ್ತಾರೆ, ನಾಯಿ ಓಡಿದರೂ ನೋಡುತ್ತಾರೆ. "ಯಾರ ಮಗಳದು?" ಎಂದ ಒಬ್ಬ. "ಹೊಟ್ಟಿ ಕೆಟ್ಟಿರಬೇಕು" ಎಂದ ಇನ್ನೊಬ್ಬ. ಆ ಮಗು ನಮ್ಮನ್ನು ನೋಡಿ ಚಿಲಕ ಬಿಟ್ಟು ಓಡಿಹೋಯಿತು. ಆಗ ನನಗೆ ಹೊಳೆದದ್ದು ಇನ್ನೊಂದು: ನಾನೂ ನೋಡಿದ್ದೆ. ಯಾರು, ಎಷ್ಟು ಹೊತ್ತು, ಯಾಕೆ, ಎಲ್ಲವನ್ನೂ ಮನಸ್ಸಿನಲ್ಲಿ ಲೆಕ್ಕ ಹಾಕುತ್ತ ನೋಡಿದ್ದೆ.

ನಮ್ಮ ಹೆಣ್ಣುಮಕ್ಕಳು ತಂಬಿಗೆ ಹಿಡಿದು ಬಯಲಿಗೆ ಹೊರಟಾಗ ಎದುರಿಗೆ ಗಂಡಸು ಬಂದರೆ ಮುಖ ತಿರುಗಿಸಿ ನಿಲ್ಲುವುದನ್ನು ಚಿಕ್ಕಂದಿನಿಂದ ಕಂಡವನು ನಾನು. ಹೋಗಿದ್ದೆವೆಂದು ಒಬ್ಬರಿಗೂ ತಿಳಿಯಬಾರದು, ಅದು ಅವರ ಮರ್ಯಾದೆ. ಅಂಥ ಮನೆಯ ಹುಡುಗಿಯನ್ನು ಮೈಕಿನಲ್ಲಿ ಹೆಸರು ಕರೆದು, ಹಲಗಿ ಬಾರಿಸಿ, ಊರ ಮುಂದೆ ಆ ಬಾಗಿಲೊಳಗೆ ಕಳಿಸಿದ್ದೆ. ನೆನೆಸಿಕೊಂಡರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಶೌಚಾಲಯದ ಬಾಗಿಲನ್ನೇ ಹಿಂದಕ್ಕೆ ತಿರುಗಿಸಬೇಕು ಎಂದುಕೊಂಡೆ. ಹಿಂದಿನ ಗೋಡೆ ಒಡೆದರೆ ಅಲ್ಲಿ ಶಾಲೆಯ ಕೋಣೆಗಳ ಬೆನ್ನು, ನಡುವೆ ಒಂದು ಓಣಿಯಷ್ಟು ಜಾಗ, ಯಾರಿಗೂ ಕಾಣುವುದಿಲ್ಲ. ಗೌಂಡಿ ಮೌಲಾಸಾಬ ಬಂದು ಗೋಡೆ ತಟ್ಟಿ ನೋಡಿದ. "ಎರಡು ದಿನದ ಕೆಲಸಾರಿ ಸರ. ಖರೆ ಸರಕಾರಿ ಗ್ವಾಡಿ ನಾ ಹ್ಯಾಂಗ ಒಡೀಲಿ? ಕಾಗದ ತೋರಸ್ರಿ" ಎಂದ. ತಾಲ್ಲೂಕಿಗೆ ಅರ್ಜಿ ಹಾಕಿದೆ. ಮುಂದಿನ ವರ್ಷದ ಯೋಜನೆಯಲ್ಲಿ ಸೇರಿಸೋಣ, ಸಣ್ಣ ದುರಸ್ತಿಯಾದರೆ ನಿಮ್ಮ ಸಮಿತಿಯೇ ಠರಾವು ಮಾಡಿ ಮಾಡಿಸಿಕೊಳ್ಳಬಹುದು ಎಂದರು. ಮುಂದಿನ ವರ್ಷದ ಹೊತ್ತಿಗೆ ಅಂಬಿಕಾ ಆಳಂದದಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿರುತ್ತಾಳೆ. ಹಾಗಾಗಿ ಉಳಿದದ್ದು ಸಮಿತಿ, ಸಮಿತಿಯೆಂದರೆ ಗುರುಶಾಂತಪ್ಪನವರು.

ಅವರು ಒಪ್ಪಲಿಲ್ಲ. ಸೆಪ್ಟೆಂಬರ್ ಪೂರ್ತಿ ಒಪ್ಪಲಿಲ್ಲ. "ಇಷ್ಟ ಛಂದ ಕಟ್ಟೀವಿ, ಕಲ್ಲಿನ ಮ್ಯಾಲ ದೊಡ್ಡವರ ಹೆಸರ ಅದಾವ. ಬಾಗಲಾ ಹಿಂದಕ್ಕ ಮಾಡಿದ್ರ ಮಂದಿ ಏನಂತಾರ್ರಿ? ಹುಡುಗ್ಯಾರಿಗಿ ರೂಢಿ ಆಗ್ತದ, ಬಿಡ್ರಿ" ಎನ್ನುತ್ತಿದ್ದರು. ನಾನು ಏರಿದ ದನಿಯಲ್ಲಿ ವಾದಿಸುತ್ತಿದ್ದೆ. ನನ್ನ ವಾದಕ್ಕೆ ಅವರು ಬಗ್ಗುವವರಲ್ಲ, ಅವರ ನಯಕ್ಕೆ ನಾನು ಬಗ್ಗುವವನಲ್ಲ. ಅಂಬಿಕಾಳ ಹೆಸರಿನ ಮುಂದೆ ಹಾಜರಿಯಲ್ಲಿ ಗೈರುಹಾಜರು ಬರೆಯುತ್ತ ಹೋದೆ. ಹೆಸರು ಮಾತ್ರ ತೆಗೆಯಲಿಲ್ಲ.

ದಸರೆಯ ರಜೆಗೆ ಮುಂಚಿನ ಸಭೆಯ ದಿನ ಶಾಂತಾಬಾಯಿ ಚಹಾ ತಂದು ಕೊಟ್ಟವಳು ಹೋಗದೆ ನಿಂತಳು. ಆಕೆ ಸಭೆಯಲ್ಲಿ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ.

"ಅಣ್ಣಾರ, ಒಂದು ಮಾತ ಹೇಳಲೇನ್ರಿ? ಸಭಾ ಇಲ್ಲಿ ಬ್ಯಾಡ. ಸಂಡಾಸದ ಮುಂದ ಮಾಡ್ರಿ."

ಗುರುಶಾಂತಪ್ಪನವರು ನಕ್ಕು, ಆಗಲಿ ತಂಗಿ ಎಂದರು. ಎಲ್ಲರೂ ಹೋಗಿ ಮೆಟ್ಟಿಲ ಮುಂದೆ ನಿಂತೆವು. ಸಮಿತಿಯ ಹೆಂಗಸರು ಇದ್ದರು, ಗಂಡಸರು ಇದ್ದರು. ನಾವು ಅಲ್ಲಿ ನಿಂತದ್ದು ನೋಡಿ ಕಟ್ಟೆಯ ಮೇಲಿನವರೂ ಮಾತು ನಿಲ್ಲಿಸಿ ಈ ಕಡೆ ನೋಡತೊಡಗಿದರು.

"ಈಗ ನೀವು ಒಳಗ ಹೋಗ್ರಿ ಅಣ್ಣಾರ" ಎಂದಳು ಶಾಂತಾಬಾಯಿ. "ಬಾಗಲಾ ಹಾಕ್ಕೊಂಡು ನಳ ತಿರುವಿ ಬರ್ರಿ. ನಾವೆಲ್ಲ ಇಲ್ಲೇ ನಿಂತಿರ್ತೀವಿ. ಬಂದ ಮ್ಯಾಲ ಚಪ್ಪಾಳಿ ಹೊಡೀತೀವಿ, ಶಾಲು ಹಾಕ್ತೀವಿ."

ಎಲ್ಲರೂ ನಕ್ಕರು. ಅವರೂ ನಕ್ಕರು. ಅದಕ್ಕೇನಂತೆ ಎಂದು ಧೋತರದ ಚುಂಗು ಎತ್ತಿಕೊಂಡು ಮೊದಲ ಮೆಟ್ಟಿಲು ಹತ್ತಿದರು. ಎರಡನೆಯದು ಹತ್ತಿದರು. ಮೂರನೆಯದರ ಮೇಲೆ ನಿಂತು ಚಿಲಕಕ್ಕೆ ಕೈ ಹಾಕಿದರು, ಬಾಗಿಲು ಕಿರ್ರೆಂದಿತು. ಅವರು ತಿರುಗಿ ನೋಡಿದರು. ನಾವು ನೋಡುತ್ತಿದ್ದೆವು, ಕಟ್ಟೆ ನೋಡುತ್ತಿತ್ತು, ಹೋಟೆಲಿನವನು ಚಹಾ ಸೋಸುವುದು ಬಿಟ್ಟು ನೋಡುತ್ತಿದ್ದ. ಅವರ ಮುಖದ ಮೇಲಿನ ನಗು ಮೆಲ್ಲಗೆ ಇಳಿಯಿತು. ಅರವತ್ತು ದಾಟಿದ ಗಂಡಸು, ಊರಿನ ದೊಡ್ಡ ಮನುಷ್ಯ, ಕಿವಿಯವರೆಗೆ ಕೆಂಪಾದರು.

ಕೆಳಗೆ ಇಳಿದು ಬಂದು ಟವೆಲಿನಿಂದ ಮುಖ ಒರೆಸಿಕೊಂಡರು. "ಆ ಕೂಸಿಗಿ ನಾವು ಹಿಂಗ ಮಾಡೀವೇನ್ರಿ ಸರ" ಎಂದರು. ನಾನು ಹೌದೆಂದೆ. "ಒಡೀರಿ ಅತ್ಲಾಗ" ಎಂದರು.

ರಜೆಯಲ್ಲಿ ಮೌಲಾಸಾಬ ಹಿಂದಿನ ಗೋಡೆ ಒಡೆದು ಎರಡು ಬಾಗಿಲು ಕೂಡಿಸಿದ. ಇಟ್ಟಂಗಿ ಒಬ್ಬರು ಕೊಟ್ಟರು, ಸಿಮೆಂಟು ಒಬ್ಬರು ಕೊಟ್ಟರು. ಚಿಲಕ ಸದ್ದು ಮಾಡದಂಥದ್ದೇ ಬೇಕೆಂದು ಗುರುಶಾಂತಪ್ಪನವರು ತಾವೇ ಅಫಜಲಪುರಕ್ಕೆ ಹೋಗಿ ಆರಿಸಿ ತಂದರು. ಮುಂದಿನ ಹಳೆಯ ಬಾಗಿಲುಗಳನ್ನು ತೆಗೆಯಲಿಲ್ಲ. ಒಳಗಿನಿಂದ ಇಟ್ಟಂಗಿ ಕಟ್ಟಿ ಮುಚ್ಚಿ, ಹೊರಗೆ ಹಾಗೆಯೇ ಬಿಟ್ಟೆವು. ಜೀಪಿನಲ್ಲಿ ಬಂದವರಿಗೆ ಎಲ್ಲ ಮೊದಲಿನ ಹಾಗೇ ಕಾಣುತ್ತಿತ್ತು. ಕಲ್ಲಿನ ಮೇಲಿನ ಹೆಸರುಗಳಿಗೂ ಕುಂದಾಗಲಿಲ್ಲ.

ಕೆಲಸ ಮುಗಿದ ದಿನ ಶಾಂತಾಬಾಯಿಯನ್ನು ಕರೆದುಕೊಂಡು ಬಸಣ್ಣನ ಮನೆಗೆ ಹೋದೆ. ದೀಪಾವಳಿಗೆ ಎರಡು ವಾರವಿತ್ತು. ಆಳಂದಕ್ಕೆ ಒಯ್ಯುವ ಚೀಲ ಆಗಲೇ ಗೂಟಕ್ಕೆ ತೂಗುತ್ತಿತ್ತು. ಅಂಬಿಕಾ ಒಳಗೇ ಇದ್ದಳು. ದಾರಿಯುದ್ದಕ್ಕೂ ಒಂದು ಮಾತು ಜೋಡಿಸಿಕೊಂಡಿದ್ದೆ, ಕೋಣೆಯ ಬಾಗಿಲ ಮುಂದೆ ನಿಂತಾಗ ಅದೆಲ್ಲ ಮರೆತುಹೋಯಿತು. ಮಾಸ್ತರು ವಿದ್ಯಾರ್ಥಿಗೆ ತಪ್ಪಾಯಿತು ಎನ್ನುವುದು ನನಗೆ ರೂಢಿಯಿರಲಿಲ್ಲ.

"ಅಂಬಿಕಾ, ನಂದು ತಪ್ಪಾತವ್ವ" ಎಂದೆ. "ನಿನಗ ಕೇಳದ ಮಾಡಿದೆ. ಬಾಗಲಾ ಹಿಂದಕ್ಕ ಮಾಡೀವಿ. ಬರೂದು ಬಿಡೂದು ನಿಂದು."

ಬಸಣ್ಣ ಗುದ್ದಲಿಯ ಕಾವು ಸವರುತ್ತ ಕೂತಿದ್ದ. ಒಳಗಿನ ಕತ್ತಲಿನಿಂದ ಅಂಬಿಕಾಳ ದನಿ ಬಂತು.

"ಮತ್ತ ಉದ್ಘಾಟನಿ ಮಾಡ್ತೀರೇನ್ರಿ ಸರ?"

"ಇಲ್ಲವ್ವ. ಯಾರಿಗೂ ಹೇಳಂಗಿಲ್ಲ. ಇನ್ನ ಮೈಕ್ ಹಿಡಿಯೂದಽ ಇಲ್ಲ."

ಮಹಾದೇವಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಅಷ್ಟಕ್ಕೇ ವಾಪಸು ಬಂದೆವು.

ರಜೆ ಮುಗಿದು ಶಾಲೆ ತೆರೆದಾಗ ಹೊಸ ಬಾಗಿಲಿನ ಬಗ್ಗೆ ನಾನು ಒಂದೂ ಮಾತಾಡಲಿಲ್ಲ. ನನ್ನ ಮಟ್ಟಿಗೆ ಅದು ವ್ರತವೇ. ಎರಡು ದಿನ ಹುಡುಗಿಯರು ಶೌಚಾಲಯದ ಹಿಂದಿನ ಓಣಿಗೆ ಹೋಗಿ ಇಣುಕಿ ಬಂದರು. ಮೂರನೆಯ ದಿನದಿಂದ ಇಬ್ಬರು ಮೂವರು ಜೊತೆಗೂಡಿ ಹೋಗತೊಡಗಿದರು. ಟಾಕಿಯ ನಳದ ಮುಂದೆ ಬಾಟಲಿಗಳ ಸಾಲು ನಿಂತಿತು. ಮಧ್ಯಾಹ್ನ ಡೆಸ್ಕಿಗೆ ತಲೆ ಹಚ್ಚುವವರು ಕಡಿಮೆಯಾದರು. ಟಾಕಿಗೆ ವಾರಕ್ಕೊಮ್ಮೆ ಬ್ಲೀಚಿಂಗ್ ಪುಡಿ ಹಾಕುವ ಕೆಲಸ ಗುರುಶಾಂತಪ್ಪನವರು ತಮ್ಮದೆಂದು ಹಿಡಿದುಕೊಂಡರು. ಆದರೆ ಅಂಬಿಕಾಳ ಜಾಗ ಖಾಲಿ ಇತ್ತು. ಹಾಜರಿ ಕೂಗುವಾಗ ಅವಳ ಹೆಸರಿಗೆ ಬಂದು ಬಾಗಿಲ ಕಡೆ ನೋಡುವುದು ನನಗೆ ಚಟವಾಗಿಬಿಟ್ಟಿತು.

ಮುಂದಿನ ಸೋಮವಾರ ಬಂದಳು. ಬಸಣ್ಣ ಗೇಟಿನವರೆಗೆ ಬಂದು ಬಿಟ್ಟುಹೋದ. ಅವಳು ಯಾರ ಮುಖವನ್ನೂ ನೋಡದೆ ಕೊನೆಯ ಬೆಂಚಿನಲ್ಲಿ ಗೋಡೆಗೆ ಒತ್ತಿಕೊಂಡು ಕೂತಳು. ಒಬ್ಬ ಹುಡುಗ ಏನೋ ಪಿಸುಗುಟ್ಟಲು ಬಾಯಿ ತೆರೆದ, ಪಕ್ಕದ ಹುಡುಗಿ ಮೊಣಕೈಯಿಂದ ತಿವಿದಳು. ನನಗೆ ಹೆದರಿಕೆ. ಒಂದು ತಪ್ಪು ಮಾತು ನನ್ನ ಬಾಯಿಂದ ಬಿದ್ದರೆ ನಾಳೆ ಬರುವುದಿಲ್ಲ, ನಾಳೆ ಬರದಿದ್ದರೆ ಇನ್ನೆಂದೂ ಬರುವುದಿಲ್ಲ.

ಅವತ್ತು ಗಣಿತವನ್ನು ಊಟದ ಮೇಲೆ ಇಟ್ಟುಕೊಂಡಿದ್ದೆ. ಸರಳ ಸಮೀಕರಣ ನಡೆದಿತ್ತು. ಬೋರ್ಡಿನ ಮೇಲೆ ಮೂರು ಎಕ್ಸ್ ಕೂಡಿಸು ಐದು, ಸಮ ಇಪ್ಪತ್ತು ಎಂದು ಬರೆಯುತ್ತಿದ್ದೆ. ಹಿಂದಿನಿಂದ ದನಿ ಬಂತು. ದೊಡ್ಡದಲ್ಲ, ಸಣ್ಣದೂ ಅಲ್ಲ, ಇಡೀ ತರಗತಿಗೆ ಕೇಳಿಸುವಷ್ಟು.

"ಸರ, ಹೊರಗ ಹೋಗಿ ಬರ್ಲೇನ್ರಿ?"

ತಿರುಗಿ ನೋಡಿದರೆ ಅಂಬಿಕಾ ಎದ್ದು ನಿಂತಿದ್ದಾಳೆ, ಕಿರುಬೆರಳು ಎತ್ತಿದ್ದಾಳೆ. ಆ ಶಾಲೆಯಲ್ಲಿ ದೊಡ್ಡ ಹುಡುಗಿಯೊಬ್ಬಳು ತರಗತಿಯ ನಡುವೆ ಹಾಗೆ ಕೇಳಿದ್ದು ನಾನು ಕೇಳಿದ ಹಾಗೆ ಅದೇ ಮೊದಲು. ಯಾರೂ ನಗಲಿಲ್ಲ. ನನಗೆ ಏನೇನೋ ಹೇಳಬೇಕೆನಿಸಿತು. ಎಲ್ಲ ನುಂಗಿ, ಬೋರ್ಡಿನ ಕಡೆ ಮುಖ ಮಾಡಿ, "ಹೋಗಿ ಬಾ" ಎಂದೆ.

ಅವಳು ಹೋದಳು. ನಾನು ಬರೆಯುತ್ತಲೇ ಇದ್ದೆ, ಏನು ಬರೆಯುತ್ತಿದ್ದೇನೆಂದು ಗೊತ್ತಿರಲಿಲ್ಲ, ಕಿವಿಯೆಲ್ಲ ಹೊರಗಿತ್ತು. ಕಣ್ಣು ಮಂಜಾದದ್ದು ಮಕ್ಕಳಿಗೆ ಕಾಣದಿರಲಿ ಎಂದು ತಿರುಗಲೂ ಇಲ್ಲ. ಹಿಂದಿನ ಓಣಿಯಲ್ಲಿ ಹೆಜ್ಜೆ, ಮತ್ತೆ ಏನೂ ಕೇಳಿಸಲಿಲ್ಲ, ಆಮೇಲೆ ಮತ್ತೆ ಹೆಜ್ಜೆ. ಅವಳು ಒಳಗೆ ಬಂದಳು. ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತ ತನ್ನ ಜಾಗಕ್ಕೆ ಹೋಗುತ್ತಿದ್ದವಳು ನಡುವೆಯೇ ನಿಂತು ಬೋರ್ಡು ನೋಡಿದಳು.

"ಸರ, ಐದು ಆ ಕಡಿ ಹೋದ್ರ ಕಳೀಬೇಕಲ್ಲರಿ. ನೀವು ಕೂಡಿಸೀರಿ."

ನೋಡಿದರೆ ಹೌದು, ಮೂರು ಎಕ್ಸ್ ಸಮ ಇಪ್ಪತ್ತೈದು ಎಂದು ಬರೆದಿದ್ದೆ. ಇಡೀ ತರಗತಿ ನಕ್ಕಿತು, ಅವಳೂ ನಕ್ಕಳು. ನಾನು ಒರೆಸುವ ಬಟ್ಟೆಗೆ ಹುಡುಕಾಡುತ್ತಿದ್ದೆ. ಅವಳು ಮುಂದೆ ಬಂದು ನನ್ನ ಕೈಯಿಂದ ಸುಣ್ಣದ ಕಡ್ಡಿ ತೆಗೆದುಕೊಂಡು, ಒದ್ದೆ ಅಂಗೈಯಿಂದಲೇ ಆ ಸಾಲನ್ನು ಒರೆಸಿ, ಸರಿಯಾದದ್ದನ್ನು ಬರೆದಳು.